ಯಾವೂರಿನ ಐರಿಸ್?

ಡೇಟಾ ಸೈನ್ಸ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಪರಿಚಯವಾಗುವ ಹೆಸರು ಐರಿಸ್. ಮೂರು ಪ್ರಭೇದದ 150 ಹೂಗಳು, ಒಂದೊಂದು ಹೂವಿಗೂ ನಾಲ್ಕು ಅಳತೆ: ಪುಷ್ಪಪತ್ರದ ಉದ್ದಗಲ, ದಳದ ಉದ್ದಗಲ. ಒಂದೇ ನೋಟಕ್ಕೆ ದಕ್ಕುವ ಪುಟ್ಟ ಪಟ್ಟಿ. ಇದರ ರುಚಿ ಹತ್ತಿದ ವಿದ್ಯಾರ್ಥಿ ಇನ್ನಷ್ಟು ಹೂ ಸಿಗಲಿ ಎಂದು ಅದೇ ಹೆಸರು ಹಿಡಿದು ಸಾರ್ವಜನಿಕ ದತ್ತಾಂಶಗಳ ಸಂತೆಗೆ ಇಳಿದರೆ, ಹೂವಿನಂಗಡಿಯ ಪಕ್ಕದಲ್ಲೇ ಸೂರ್ಯ ಕೂತಿರುತ್ತಾನೆ. 2013ರ ಜೂನ್‌ನಲ್ಲಿ ನಾಸಾ ಹಾರಿಸಿದ, ಸೂರ್ಯನ ಹೊರಪದರಗಳ ಬೆಳಕನ್ನು ಬಿಡಿಸಿ ನೋಡುವ ಉಪಗ್ರಹದ ಹೆಸರೂ ಐರಿಸ್. ಅದರಾಚೆ ವಿಷ: ಯಾವ ರಾಸಾಯನಿಕ ಎಷ್ಟು ಪ್ರಮಾಣದಲ್ಲಿ ದೇಹಕ್ಕೆ ಹಾನಿಕರ ಎಂದು ಹೇಳಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1985ರಲ್ಲಿ ಕಟ್ಟಿದ ಮಾಹಿತಿ ವ್ಯವಸ್ಥೆಯೂ ಐರಿಸ್. ಅದರಾಚೆ ಭೂಕಂಪ: 1984ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಭೂಕಂಪ ವಿಜ್ಞಾನದ ಒಕ್ಕೂಟವೂ ಐರಿಸ್.

ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. ಫ್ರಾನ್ಸಿನ ಜನಗಣತಿಯವರು ಪಟ್ಟಣಗಳನ್ನು ಸುಮಾರು 2000 ಜನರ ತುಂಡುಗಳಾಗಿ ವಿಂಗಡಿಸಿ ಒಂದೊಂದು ತುಂಡನ್ನೂ ಐರಿಸ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳ ಭಂಡಾರ ಐರಿಸ್. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪೊರೆ ಐರಿಸ್. ಅದರ ಚಿತ್ರಗಳ ಸಂಗ್ರಹಗಳು ಗುರುತು ಪತ್ತೆಯ ತಂತ್ರಜ್ಞಾನದವರಿಗೆ ನಿತ್ಯದ ಸರಕು. 1847ರಲ್ಲಿ ಕಂಡ ಏಳನೆಯ ಕ್ಷುದ್ರಗ್ರಹವೂ ಐರಿಸ್. ಜೀವಿಗಳ ಪಟ್ಟಿಗೆ ಹೋದರೂ ನೆಮ್ಮದಿಯಿಲ್ಲ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಹೂವಿನ ಕುಲವೊಂದಕ್ಕೆ ಇಟ್ಟ ಹೆಸರನ್ನೇ ಕೀಟತಜ್ಞ ಸೊಸ್ಯೂರ್ 1869ರಲ್ಲಿ ಕೈಮುಗಿದು ಕೂರುವ ಮಾಂಟಿಸ್ ಕೀಟದ ಕುಲವೊಂದಕ್ಕೆ ಇಟ್ಟ. ಗಿಡಗಳ ನಾಮಕರಣಕ್ಕೆ ಒಂದು ಸಂಹಿತೆ, ಪ್ರಾಣಿಗಳದಕ್ಕೆ ಇನ್ನೊಂದು. ಒಂದರ ಅಂಗಳದಲ್ಲಿ ಇರುವ ಹೆಸರು ಇನ್ನೊಂದರ ಅಂಗಳದಲ್ಲೂ ಇದ್ದರೆ ಯಾರೂ ತಕರಾರು ಮಾಡುವಂತಿಲ್ಲ.

ಹೂವು, ಕಣ್ಣು, ಕ್ಷುದ್ರಗ್ರಹಗಳಿಗೆ ಆ ಹೆಸರು ಬಂದದ್ದು ಗ್ರೀಕರ ಕಾಮನಬಿಲ್ಲಿನ ದೇವತೆಯಿಂದ. ಸಂಸ್ಥೆಗಳಿಗೆ ಬಂದದ್ದು ಉದ್ದನೆಯ ಹೆಸರುಗಳ ಮೊದಲಕ್ಷರಗಳಿಂದ. ಉದ್ದನೆಯ ಹೆಸರು ಮೊದಲು ಹುಟ್ಟಿತೋ, ಚಂದದ ಮೊದಲಕ್ಷರಗಳಿಗಾಗಿ ಅದನ್ನು ಹೊಲಿದರೋ ಎಂಬ ಅನುಮಾನ ಓದುಗರಿಗೆ ಬಂದರೆ ಅದು ತಪ್ಪಲ್ಲ.

ಈ ಸಂತೆಗೆ ಒಂದೇ ಹೆಬ್ಬಾಗಿಲು ಕಟ್ಟುವ ದೊಡ್ಡ ಪ್ರಯತ್ನವೆಂದರೆ ಗೂಗಲ್‌ನ ಡೇಟಾಸೆಟ್ ಸರ್ಚ್. 2018ರ ಸೆಪ್ಟೆಂಬರ್‌ನಲ್ಲಿ ಪ್ರಯೋಗಾರ್ಥವಾಗಿ ಬಂದು, 2020ರ ಜನವರಿಯಲ್ಲಿ ಪೂರ್ಣರೂಪಕ್ಕೆ ಬಂದಾಗ ಅದರ ಪಟ್ಟಿಯಲ್ಲಿ ಸುಮಾರು 2.5 ಕೋಟಿ ಡೇಟಾಸೆಟ್‌ಗಳಿದ್ದವು. ಅದರ ಕೆಲಸದ ರೀತಿ ಮೆಚ್ಚಬೇಕಾದದ್ದೇ. ದತ್ತಾಂಶವನ್ನು ಅದು ತನ್ನ ಉಗ್ರಾಣಕ್ಕೆ ಎಳೆದುಕೊಳ್ಳುವುದಿಲ್ಲ. ದತ್ತಾಂಶ ಇಟ್ಟವರು ತಮ್ಮ ಪುಟದಲ್ಲಿ ‘ಸ್ಕೀಮಾ ಡಾಟ್ ಆರ್ಗ್’ ಎಂಬ ಸಾಮಾನ್ಯ ನಮೂನೆಯಲ್ಲಿ ನಾಲ್ಕಾರು ಸಾಲಿನ ವಿವರ ಬರೆದಿಟ್ಟರೆ ಸಾಕು, ಅದನ್ನು ಓದಿಕೊಂಡು ದಾರಿ ತೋರಿಸುತ್ತದೆ. ನಾಸಾಗೂ ಒಂದು ಸಣ್ಣ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೂ ಒಂದೇ ನಿಯಮ. ಇದಕ್ಕೆ ಮುಂಚೆ ಭೂಕಂಪದವರ ಕೋಣೆ ಬೇರೆ, ಸೂರ್ಯನವರ ಕೋಣೆ ಬೇರೆ. ಯಾವ ಕೋಣೆಯ ಬಾಗಿಲು ಬಡಿಯಬೇಕೆಂದು ಗೊತ್ತಿದ್ದವರಿಗೆ ಮಾತ್ರ ಒಳಗಿನದು ಸಿಗುತ್ತಿತ್ತು.

ಗೋಡೆಗಳು ಬಿದ್ದವು ಸರಿ. ಆದರೆ ಗೋಡೆಗಳೇ ಇಷ್ಟು ದಿನ ಸದ್ದಿಲ್ಲದೆ ಒಂದು ಕೆಲಸ ಮಾಡುತ್ತಿದ್ದವು. ಭೂಕಂಪದವರ ಕೋಣೆಯೊಳಗೆ ‘ಐರಿಸ್’ ಎಂದರೆ ಬಿಡಿಸಿ ಹೇಳಬೇಕಿರಲಿಲ್ಲ. ಬಯಲಿಗೆ ಬಂದ ಮೇಲೆ ಆ ಹೆಸರು ತನ್ನ ಊರು ಯಾವುದೆಂದು ತಾನೇ ಹೇಳಬೇಕು.

ಅದು ಹೇಳುತ್ತದೆಯೇ? ಇಲ್ಲಿಯೇ ಈ ವ್ಯವಸ್ಥೆಯ ದೌರ್ಬಲ್ಯ ಇರುವುದು. ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಕಡ್ಡಾಯ ಮಾಡಿರುವುದು ಎರಡನ್ನೇ: ಹೆಸರು ಮತ್ತು ವಿವರಣೆ. ವಿವರಣೆ 50ರಿಂದ 5000 ಅಕ್ಷರಗಳೊಳಗೆ ಇರಬೇಕು. ಯಾವ ಜಾಗದ ದತ್ತಾಂಶ, ಯಾವ ಕಾಲದ್ದು, ಅಳೆದದ್ದು ಏನನ್ನು, ಕಾಯಂ ಗುರುತಿನ ಸಂಖ್ಯೆ ಏನು ಎಂಬುವೆಲ್ಲ ‘ಇದ್ದರೆ ಒಳ್ಳೆಯದು’ ಎಂಬ ಸಾಲಿಗೆ ಸೇರಿವೆ. ಕಡ್ಡಾಯ ಹೆಚ್ಚಾದರೆ ಅರ್ಧ ಜನ ನಮೂನೆ ತುಂಬದೆ ಹೋಗುತ್ತಾರೆ ಎಂಬ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಆದರೂ ಫಲಿತಾಂಶ ನೋಡಿ: ಒಂದೇ ಹೆಸರಿನ ಎರಡು ವಸ್ತುಗಳನ್ನು ಬೇರೆ ಮಾಡಬಲ್ಲ ಸಂಗತಿಗಳೇ ಐಚ್ಛಿಕ, ಗೊಂದಲ ಹುಟ್ಟಿಸುವ ಹೆಸರು ಮಾತ್ರ ಕಡ್ಡಾಯ. ವಿಷಯವಾರು ಸೋಸುವ ಸೌಲಭ್ಯ ಇದೆ ಎನ್ನಬಹುದು. ಏನನ್ನು ಸೋಸಬೇಕೆಂದು ಮೊದಲೇ ಗೊತ್ತಿದ್ದವರಿಗೆ ಅದು ಉಪಯೋಗ.

ಹಳ್ಳಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ‘ನಮ್ಮದು ಹೊಸಹಳ್ಳಿ’ ಎಂದರೆ ಎದುರಿನವರ ಮರುಪ್ರಶ್ನೆ ‘ಯಾವ ಹೊಸಹಳ್ಳಿ?’ ಎಂದೇ. ತಾಲ್ಲೂಕು ಹೇಳಬೇಕು, ಹೋಬಳಿ ಹೇಳಬೇಕು, ಅಷ್ಟಕ್ಕೂ ಬಗೆಹರಿಯದಿದ್ದರೆ ಪಕ್ಕದ ದೊಡ್ಡ ಊರಿನ ಹೆಸರು ಹೇಳಬೇಕು. ಪಹಣಿಯೂ ಅದೇ ದಾರಿಯಲ್ಲಿ ನಡೆಯುತ್ತದೆ: ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ. 2011ರ ಜನಗಣತಿ ಪ್ರತಿ ಹಳ್ಳಿಗೂ ಆರಂಕಿಯ ಸಂಕೇತ ಕೊಟ್ಟದ್ದು ಇದೇ ಕಾರಣಕ್ಕೆ. ಶಾಲೆಗಳ ಪಟ್ಟಿಯನ್ನೂ ಮಳೆಯ ಪಟ್ಟಿಯನ್ನೂ ಬರೀ ‘ಹೊಸಹಳ್ಳಿ’ ಎಂಬ ಹೆಸರಿನ ಮೇಲೆ ಜೋಡಿಸಲು ಹೊರಟವರಿಗೆ ಒಂದು ಜಿಲ್ಲೆಯ ಮಳೆ ಇನ್ನೊಂದು ಜಿಲ್ಲೆಯ ಶಾಲೆಯ ಮೇಲೆ ಸುರಿದ ಅನುಭವ ತಪ್ಪಿದ್ದಲ್ಲ.

ಕಾವೇರಿಯನ್ನೇ ತೆಗೆದುಕೊಳ್ಳಿ. ಅದು ನದಿ. ಕರ್ನಾಟಕದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯಲ್ಲಿ ಆಸ್ತಿಪತ್ರ ನೋಂದಾಯಿಸುವ ತಂತ್ರಾಂಶವೂ ಕಾವೇರಿ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಯುದ್ಧವಿಮಾನಕ್ಕೆಂದು ರೂಪಿಸಿದ ಎಂಜಿನ್ ಕಾವೇರಿ. 2014ರಲ್ಲಿ ಎಎಂಡಿ ಕಂಪನಿ ಮಾರುಕಟ್ಟೆಗೆ ಬಿಟ್ಟ ಕಂಪ್ಯೂಟರ್ ಚಿಪ್ಪಿನ ಹೆಸರೂ ಅದೇ. ಇಂಗ್ಲಿಷ್ ಕಾಗುಣಿತ ಇಲ್ಲಿ ಇನ್ನೊಂದು ಆಟ ಆಡುತ್ತದೆ. ನೀರಿನ ನ್ಯಾಯಮಂಡಳಿ, ನಿರ್ವಹಣಾ ಪ್ರಾಧಿಕಾರಗಳೆಲ್ಲ ಬ್ರಿಟಿಷರ ಕಾಲದ ‘ಸಿ’ಯಿಂದ ಶುರುವಾಗುವ ಕಾವೇರಿ; ಎಂಜಿನ್ನು, ನೋಂದಣಿ, ಚಿಪ್ಪುಗಳೆಲ್ಲ ‘ಕೆ’ಯಿಂದ ಶುರುವಾಗುವ ಕಾವೇರಿ. ನದಿಯ ಹೆಸರನ್ನು ಈಗಿನವರು ಬರೆಯುವಂತೆ ಬರೆದು ಹುಡುಕಿದರೆ ನದಿಯೇ ಹಿಂದೆ ಸರಿದು ವಿಮಾನ ಮುಂದೆ ಬರುವ ಸಾಧ್ಯತೆ ಇದೆ. ಕೃಷ್ಣರಾಜಸಾಗರದ್ದು ಇನ್ನೂ ಮಜವಾದ ಪ್ರಕರಣ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಆ ಅಣೆಕಟ್ಟು ಇರುವುದು ಕಾವೇರಿಗೆ. ‘ಕೃಷ್ಣಾ’ ಎಂಬ ನದಿ ಹುಡುಕುವವರ ಬಲೆಗೆ ಅಕ್ಷರಸಾಮ್ಯದಿಂದಾಗಿ ಅದೂ ಬಿದ್ದರೆ ಅಚ್ಚರಿಯಿಲ್ಲ. ಸಿಕ್ಕಿದ ಮೇಲೂ ಅಳತೆಯ ತೊಡಕು ಇದ್ದೇ ಇದೆ. ಮಂಡ್ಯದ ರೈತರಿಗೆ ಬಾಯಿಪಾಠವಾಗಿರುವ 124.80 ಅಡಿ ಅಣೆಕಟ್ಟಿನ ಸ್ಥಳೀಯ ಲೆಕ್ಕ. ಕೇಂದ್ರ ಜಲ ಆಯೋಗದ ವಾರದ ವರದಿಯಲ್ಲಿ ಅದೇ ಮಟ್ಟ ಸಮುದ್ರಮಟ್ಟದಿಂದ ಮೀಟರುಗಳಲ್ಲಿ ಇರುತ್ತದೆ. ಇಲ್ಲಿ ಟಿಎಂಸಿ, ಅಲ್ಲಿ ಶತಕೋಟಿ ಘನ ಮೀಟರ್.

ಒಂದು ಪದಕ್ಕೆ ಹಲವು ಅರ್ಥ ಇರುವುದು ಪಾಪವೇನೂ ಅಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥಗಳಿಗೆಂದೇ ಒಂದು ವರ್ಗವಿದೆ. ‘ಹರಿ’ ಎಂದರೆ ವಿಷ್ಣು, ಸಿಂಹ, ಕುದುರೆ, ಕಪಿ, ಕಪ್ಪೆ ಎಲ್ಲವೂ ಹೌದು ಎಂದು ಆ ನಿಘಂಟು ಒಂದೇ ಉಸಿರಿನಲ್ಲಿ ಹೇಳಿ ಆಯ್ಕೆಯನ್ನು ಓದುಗನಿಗೆ ಬಿಡುತ್ತದೆ. ಇಂದಿನ ಹುಡುಕುಯಂತ್ರ ಇಷ್ಟನ್ನೂ ಮಾಡದು. ‘ಈ ಹೆಸರಿಗೆ ಒಂಬತ್ತು ಊರುಗಳಿವೆ, ನಿಮಗೆ ಯಾವುದು ಬೇಕು?’ ಎಂದು ಮೊದಲು ಕೇಳುವ ಬದಲು ಒಂಬತ್ತೂ ಊರಿನವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಈ ತೊಡಕಿಗೆ ಮದ್ದನ್ನು ಬಲ್ಲವರೊಬ್ಬರು ಬೆಂಗಳೂರಿನಲ್ಲೇ ಬಾಳಿದರು ಎಂಬುದನ್ನು ನೆನೆದರೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. ಗಣಿತದ ಮೇಷ್ಟರಾಗಿದ್ದು ಗ್ರಂಥಾಲಯಕ್ಕೆ ಬಂದ ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟಿಸಿದರು. ಪುಸ್ತಕವೊಂದನ್ನು ಒಂದೇ ಗೂಡಿಗೆ ತುರುಕುವ ಬದಲು ಅದರ ವಿಷಯವನ್ನು ಮುಖಗಳಾಗಿ ಬಿಡಿಸಿ ಬರೆಯುವುದು ಅವರ ಕ್ರಮ. ವಿಷಯದ ತಿರುಳಾದ ವಸ್ತು, ಅದರ ದ್ರವ್ಯ ಅಥವಾ ಗುಣ, ಅದರ ಮೇಲೆ ನಡೆಯುವ ಕ್ರಿಯೆ, ದೇಶ, ಕಾಲ: ಇವು ಐದು ಮುಖ. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಬೆಂಗಳೂರಿನಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದಿಗೂ ಇದೆ. ಹೂವಿನ ಐರಿಸ್ಸನ್ನು ಈ ಐದು ಮುಖಗಳಲ್ಲಿ ಬರೆದಿದ್ದರೆ ಅದು ಸೂರ್ಯನ ಐರಿಸ್ಸಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಪೂಜೆಗೆ ಕೂತ ಪುರೋಹಿತರು ಸಂಕಲ್ಪದಲ್ಲಿ ಸಂವತ್ಸರ, ಮಾಸ, ತಿಥಿ, ನದಿಯ ಯಾವ ದಡ ಎಂಬುದನ್ನೆಲ್ಲ ಹೇಳಿಯೇ ಯಜಮಾನನ ಹೆಸರಿಗೆ ಬರುವುದು. ದೇಶಕಾಲ ಮೊದಲು, ಹೆಸರು ಆಮೇಲೆ. ಸಿಲಿಕಾನ್ ಕಣಿವೆಯ ನಮೂನೆಯಲ್ಲಿ ಇದು ತಿರುವುಮುರುವಾಗಿದೆ.

ಕಾಯಂ ಗುರುತಿನ ಸಂಖ್ಯೆಯಿಂದ ಎಲ್ಲ ಬಗೆಹರಿಯುತ್ತದೆ ಎನ್ನುವ ಪಂಗಡವೊಂದಿದೆ. 2009ರಲ್ಲಿ ಹುಟ್ಟಿದ ಡೇಟಾಸೈಟ್ ಸಂಸ್ಥೆ ದತ್ತಾಂಶಗಳಿಗೆ ಡಿಒಐ ಎಂಬ ಅಂಥ ಸಂಖ್ಯೆ ಕೊಡುತ್ತದೆ. ದತ್ತಾಂಶ ನಿರ್ವಹಣೆಗೆಂದು 2016ರಲ್ಲಿ ಪ್ರಕಟವಾದ ‘ಫೇರ್’ ತತ್ವಗಳ ಮೊದಲ ಸೂತ್ರವೇ ಜಗತ್ತಿನಲ್ಲಿ ಇನ್ನೊಂದಿಲ್ಲದ, ಅಳಿಯದ ಗುರುತು. ಒಳ್ಳೆಯದೇ. ಆದರೆ ಸಂಖ್ಯೆ ಗೊತ್ತಿದ್ದವರಿಗೆ ಹುಡುಕುವ ಕೆಲಸವೇ ಇರುವುದಿಲ್ಲ. ಜೊತೆಗೆ ಸಂಖ್ಯೆ ಒಂದೇ ಎಂದ ಮಾತ್ರಕ್ಕೆ ಒಳಗಿನ ಸರಕು ನೆಟ್ಟಗಿದೆ ಎಂದೇನೂ ಅಲ್ಲ.

ಇದಕ್ಕೆ ಸಾಕ್ಷಿ ಬೇಕಿದ್ದರೆ ಮತ್ತೆ ಹೂವಿಗೇ ಮರಳಬೇಕು. ಎಡ್ಗರ್ ಆಂಡರ್ಸನ್ ಎಂಬ ಅಮೆರಿಕದ ಸಸ್ಯವಿಜ್ಞಾನಿ ಕೆನಡಾದ ಗಾಸ್ಪೆ ಪರ್ಯಾಯದ್ವೀಪದಲ್ಲಿ ಎರಡು ಪ್ರಭೇದದ ಹೂಗಳನ್ನು ಒಂದೇ ಹುಲ್ಲುಗಾವಲಿನಲ್ಲಿ, ಒಂದೇ ದಿನ ಕಿತ್ತು ಅಳೆದ. ಮೂರನೆಯದು ಬೇರೆ ಕಡೆಯದು. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ಆ ಅಳತೆಗಳನ್ನು ತನ್ನ ಪ್ರಬಂಧವೊಂದರಲ್ಲಿ ಬಳಸಿ ಅಚ್ಚು ಹಾಕಿಸಿದ. ಅರ್ಧ ಶತಮಾನದ ಬಳಿಕ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಭಂಡಾರಕ್ಕೆ ಈ ಪಟ್ಟಿ ಸೇರಿತು. ಸೇರುವ ಹೊತ್ತಿಗೆ 35ನೆಯ ಹೂವಿನ ಒಂದು ಅಂಕಿ, 38ನೆಯ ಹೂವಿನ ಎರಡು ಅಂಕಿ ಫಿಶರ್ ಅಚ್ಚು ಹಾಕಿಸಿದ್ದಕ್ಕಿಂತ ಬೇರೆಯಾಗಿದ್ದವು. 1999ರಲ್ಲಿ ಜೇಮ್ಸ್ ಬೆಜ್ಡೆಕ್ ಮತ್ತು ಸಂಗಡಿಗರು ಹೀಗೆ ಹರಿದಾಡುತ್ತಿರುವ ಪ್ರತಿಗಳಲ್ಲಿ ಅಸಲಿ ಯಾವುದೆಂದು ಕೇಳುವ ಲೇಖನವನ್ನೇ ಬರೆದರು. ‘ಆರ್’ ಎಂಬ ಕಂಪ್ಯೂಟರ್ ಭಾಷೆಯ ಜೊತೆ ಬರುವ ಪ್ರತಿ ಫಿಶರನದಕ್ಕೆ ಹೊಂದುತ್ತದೆ. ಪೈಥಾನ್ ಭಾಷೆಯ ಸೈಕಿಟ್‌ಲರ್ನ್ ತಂತ್ರಾಂಶ ತನ್ನ ಪ್ರತಿಯನ್ನು ತಿದ್ದಿಕೊಂಡು, ಇದು ಅರ್ವೈನ್‌ನದಲ್ಲ ಎಂದು ಟಿಪ್ಪಣಿ ಹಾಕಿದೆ. ಅರ್ವೈನ್‌ನ ಗಂಟಿನಲ್ಲೇ ಹಳೆಯ ಕಡತದ ಪಕ್ಕ ಬೆಜ್ಡೆಕ್ ಹೆಸರಿನ ಇನ್ನೊಂದು ಕಡತ ಇದೆ.

ಬೇರೆ ಬೇರೆ ಕ್ಷೇತ್ರದ ಒಂಬತ್ತು ಐರಿಸ್‌ಗಳು ಒಟ್ಟಿಗೆ ಸಿಕ್ಕರೆ ನಗು ಬರುತ್ತದೆ, ನಷ್ಟವೇನೂ ಇಲ್ಲ. ಸೂರ್ಯನ ಬೆಳಕಿನ ಪಟ್ಟಿಯನ್ನು ಹೂವೆಂದು ತಿಳಿದು ಯಾರೂ ಲೆಕ್ಕ ಹಾಕುವುದಿಲ್ಲ. ಒಂದೇ ಹೆಸರು, ಒಂದೇ ಹೂವು, ಒಂದೇ 150 ಸಾಲು ಇದ್ದು ಮೂರು ಅಂಕಿ ಮಾತ್ರ ಬೇರೆ ಇರುವ ಪ್ರತಿ ಕಣ್ಣಿಗೇ ಬೀಳದು. ದೂರದ ಹೆಸರುಗಳ ಗೊಂದಲ ಬಿಡಿಸಲು ಹೊರಟ ಹುಡುಕುಯಂತ್ರಗಳ ಗಮನ ಈ ಹತ್ತಿರದ ಗೊಂದಲದ ಮೇಲೆ ಹೆಚ್ಚಿರಬೇಕಿತ್ತು. ದೂರದ್ದನ್ನು ಹುಡುಕುವವರ ಸಾಮಾನ್ಯಜ್ಞಾನ ಹೇಗೋ ನಿಭಾಯಿಸುತ್ತದೆ. ಎರಡು ಪ್ರತಿಗಳನ್ನು ಸಾಲುಸಾಲಾಗಿ ಹೋಲಿಸುವುದು ಯಂತ್ರವೇ ಮಾಡಬೇಕಾದ ಕೂಲಿ ಕೆಲಸ.

ಹೆಸರು ಬದಲಾಯಿಸಿಕೊಂಡರೆ ತಂಟೆ ತಪ್ಪೀತೇ? ಭೂಕಂಪದ ಐರಿಸ್ ಅದನ್ನೂ ಮಾಡಿ ನೋಡಿತು. ಯುನಾವ್ಕೊ ಎಂಬ ಇನ್ನೊಂದು ಒಕ್ಕೂಟದೊಂದಿಗೆ ಕೂಡಿ 2023ರಿಂದ ಅದು ಅರ್ತ್‌ಸ್ಕೋಪ್ ಒಕ್ಕೂಟ. ಆದರೆ ಅರ್ತ್‌ಸ್ಕೋಪ್ ಎಂಬುದು ಉತ್ತರ ಅಮೆರಿಕದ ಭೂಗರ್ಭವನ್ನು ಅಳೆಯಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2003ರಿಂದ ನಡೆಸಿದ್ದ ಯೋಜನೆಯ ಹೆಸರಾಗಿತ್ತು. ಹಲವು ದಶಕಗಳ ಸಂಶೋಧನಾ ಪ್ರಬಂಧಗಳಲ್ಲಿ ‘ದತ್ತಾಂಶ: ಐರಿಸ್’ ಎಂದು ಅಚ್ಚಾಗಿರುವುದನ್ನು ಈಗ ಯಾರೂ ಅಳಿಸಲಾರರು.

ಹೂವಿನವರಲ್ಲೂ ಕೆಲವರು ಐರಿಸ್‌ಗೆ ಬೆನ್ನು ತಿರುಗಿಸಿದ್ದಾರೆ. ಫಿಶರನ ಪ್ರಬಂಧ ಅಚ್ಚಾದದ್ದು ಸುಜನನಶಾಸ್ತ್ರದ ಪತ್ರಿಕೆಯಲ್ಲಿ ಎಂಬುದು ಅವರ ಮುಖ್ಯ ಆಕ್ಷೇಪ. ಬದಲಿಗೆ 2020ರಲ್ಲಿ ಬಂದದ್ದು ಅಂಟಾರ್ಕ್ಟಿಕಾದ ಪಾಮರ್ ದ್ವೀಪಸಮೂಹದ 344 ಪೆಂಗ್ವಿನ್‌ಗಳ ಪಟ್ಟಿ. ಅದೂ ಮೂರೇ ಪ್ರಭೇದ, ಅದೂ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಯಾವ ದ್ವೀಪ, ಯಾವ ವರ್ಷ ಎಂಬುದನ್ನು ಪ್ರತಿ ಹಕ್ಕಿಯ ಎದುರಿಗೂ ಬರೆದಿದ್ದಾರೆ. ಪಟ್ಟಿಯ ಹೆಸರು ‘ಪಾಮರ್ ಪೆಂಗ್ವಿನ್ಸ್’. ಬರೀ ‘ಪಾಮರ್’ ಎಂದು ಹುಡುಕಲು ಹೋದವರಿಗೆ ಮಾತ್ರ ವೇಯ್ನ್ ಪಾಮರ್ ಎಂಬ ಹವಾಮಾನ ತಜ್ಞ 1965ರಲ್ಲಿ ಕೊಟ್ಟ ಬರಗಾಲದ ಸೂಚ್ಯಂಕ ಎದುರಾಗುತ್ತದೆ, ಹಿಮದ ಹಕ್ಕಿಯ ಬದಲು ಒಣಗಿದ ಹೊಲ.