ಒಂದೇ ನೀರು, ಎರಡು ದುಡಿಮೆ

ನಮ್ಮ ನಾಡಿನ ಜಲಾಶಯಗಳನ್ನು ಕುರಿತು ಬರೆಯುವವರು ಕನ್ನಂಬಾಡಿಯ ಕಟ್ಟೆಗೆ, ಎಂದರೆ ಕೃಷ್ಣರಾಜಸಾಗರಕ್ಕೆ, ಅಗ್ರಪೂಜೆಯನ್ನು ಸಲ್ಲಿಸಿ, ಶರಾವತಿಯ ವಿದ್ಯುತ್ತಿಗೆ ಎರಡನೆಯ ಆರತಿಯನ್ನೆತ್ತಿ, ತುಂಗಭದ್ರೆಯ ಹೆಸರು ಬಂದೊಡನೆ ಹೂಳಿನ ಮಾತನ್ನೂ 2024ರ ಆಗಸ್ಟಿನಲ್ಲಿ ಕೊಚ್ಚಿಹೋದ 19ನೆಯ ಗೇಟಿನ ಮಾತನ್ನೂ ಆಡಿ ಮುಗಿಸುವುದು ವಾಡಿಕೆಯಾಗಿದೆ. ಬೇಸಾಯ ಮತ್ತು ವಿದ್ಯುತ್ತುಗಳ ಸಾಮರಸ್ಯವೇ ಮಾನದಂಡವಾಗುವ ಪಕ್ಷದಲ್ಲಿ ಈ ಶ್ರೇಣಿಯು ತಲೆಕೆಳಗಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೃಷ್ಣರಾಜಸಾಗರದ ಮಹಿಮೆ ಅಲ್ಲಗಳೆಯತಕ್ಕದ್ದಲ್ಲ. 1902ರಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸುತ್ತಿದ್ದ ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ಹರಿವನ್ನು ಒದಗಿಸಿ, ಮಂಡ್ಯದ ಸೀಮೆಯನ್ನು ಹಸುರಾಗಿಸಿದ ಕೀರ್ತಿ ಅದರದು. ಆದರೆ ಅಲ್ಲಿ ಈ ಎರಡು ಪ್ರಯೋಜನಗಳು ಒಂದೇ ಕಣಜದಿಂದ ಉಣ್ಣುವ ದಾಯಾದಿಗಳು. ವಿಶ್ವೇಶ್ವರಯ್ಯ ನಾಲೆಗೆ ತಿರುಗಿದ ನೀರು ಬಹುಮಟ್ಟಿಗೆ ಶಿವನಸಮುದ್ರದ ಚಕ್ರಗಳಿಗೆ ದಕ್ಕುವುದಿಲ್ಲ.

ತುಂಗಭದ್ರೆಯ ಬಲದಂಡೆಯಲ್ಲಿ ನಡೆಯುವುದೇ ಬೇರೆ. ಜಲಾಶಯದಿಂದ ಹೊರಬೀಳುವಾಗಲೇ ನೀರು ಕಟ್ಟೆಯ ಬುಡದಲ್ಲಿರುವ ವಿದ್ಯುದಾಗಾರದ ಚಕ್ರಗಳನ್ನು ತಿರುಗಿಸುತ್ತದೆ. ಅಲ್ಲಿಂದ ವಿದ್ಯುತ್ ಕಾಲುವೆಯೆಂಬ ನಾಲೆಯಲ್ಲಿ, ಹೆಬ್ಬಂಡೆಗಳ ನಡುವೆ, ಅತ್ಯಲ್ಪ ಇಳಿಜಾರಿನಲ್ಲಿ ತನ್ನ ಎತ್ತರವನ್ನು ಜತನವಾಗಿ ಕಾಪಾಡಿಕೊಂಡು ಸುಮಾರು 22 ಕಿ.ಮೀ. ಸಾಗಿ, ಹಂಪಿಯ ವಿದ್ಯುದಾಗಾರದಲ್ಲಿ ಮತ್ತೊಮ್ಮೆ ಧುಮುಕಿ, ಆ ಬಳಿಕವೇ ಕೆಳಮಟ್ಟದ ಕಾಲುವೆಯಾಗಿ ಬಳ್ಳಾರಿ, ಕರ್ನೂಲುಗಳ ಹೊಲಗಳಿಗೆ ಹರಿಯುತ್ತದೆ. ಚಕ್ರವು ನೀರಿನಿಂದ ಪಡೆಯುವುದು ಬೀಳುವಿಕೆಯ ಬಲವನ್ನೇ ಹೊರತು ನೀರನ್ನಲ್ಲ. ಪೈರು ಬೇಡುವುದು ನೀರನ್ನೇ ಹೊರತು, ತನ್ನ ಹೊಲದ ಮಟ್ಟಕ್ಕೆ ಮೀರಿದ ಎತ್ತರವನ್ನಲ್ಲ. ಪೈರಿಗೆ ಬೇಡವಾದ ಆ ಎತ್ತರವನ್ನು ಎರಡು ಮೆಟ್ಟಿಲುಗಳಲ್ಲಿ ಚಕ್ರಕ್ಕೆ ಉಣಿಸಿ, ಒಂದು ಹನಿಯನ್ನೂ ಹೊಲಕ್ಕೆ ತಪ್ಪಿಸದಿರುವ ಈ ಯೋಜನೆಯಲ್ಲಿರುವ ಬುದ್ಧಿಯ ಸೊಗಸನ್ನು ನಮ್ಮ ಲೇಖಕರು ಏಕೆ ಗಮನಿಸಲಿಲ್ಲವೋ ತಿಳಿಯದು.

ಅಂಕಿಗಳ ಅಭಿಮಾನಿಗಳು ಇಲ್ಲಿ ಆಕ್ಷೇಪವೆತ್ತುತ್ತಾರೆ: ಶರಾವತಿಯ ಒಂದೇ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್ ಇರುವಾಗ, ಈ ಎರಡೂ ಸೇರಿ 72 ಮೆಗಾವಾಟ್ ಆದರೆ ಏನು ಹೆಚ್ಚಳ? ಈ ತೂಗುವಿಕೆಯೇ ಅಸಂಗತವಾದುದು. ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ಘಟ್ಟದಿಂದ ಧುಮುಕಿದ ಮೇಲೆ ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ. ಅದರ ದುಡಿಮೆ ಚಕ್ರದೊಡನೆಯೇ ಬಹುಪಾಲು ಮುಗಿಯುತ್ತದೆ. ಹಂಪಿಯ ಚಕ್ರದಿಂದ ಹೊರಬಂದ ನೀರಿಗಾದರೋ ದೊಡ್ಡ ಕೆಲಸವೇ ಇನ್ನೂ ಬಾಕಿಯಿರುತ್ತದೆ. ಕಾಲುವೆ ನಿಂತ ಬೇಸಗೆಯಲ್ಲಿ ಚಕ್ರಗಳೂ ಬಹುಮಟ್ಟಿಗೆ ನಿಲ್ಲುವುದನ್ನು ದೋಷವೆಂದು ಎಣಿಸುವವರು, ಅನ್ನಕ್ಕೆ ಮೊದಲ ಸ್ಥಾನವನ್ನಿತ್ತ ಯೋಜನೆಯೊಂದನ್ನು ಆ ಆಯ್ಕೆಗಾಗಿಯೇ ದಂಡಿಸುತ್ತಿದ್ದಾರೆ.

ತುಂಗಭದ್ರೆಗೂ ಕುಂದುಗಳು ಉಂಟು. 133 ಟಿಎಂಸಿಯಷ್ಟಿದ್ದ ಸಂಗ್ರಹವು ಹೂಳಿನಿಂದ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಎಡದಂಡೆಯಲ್ಲಿ ಜೋಳ, ಹತ್ತಿಗಳಂಥ ಅಲ್ಪಜಲದ ಬೆಳೆಗಳಿಗೆಂದು ಯೋಜಿಸಿದ ನೀರನ್ನು ಗಂಗಾವತಿಯ ಕಡೆಯ ಭತ್ತದ ಗದ್ದೆಗಳು ಹೀರಿಕೊಳ್ಳುವುದರಿಂದ, ಮಾನ್ವಿ, ರಾಯಚೂರುಗಳ ಕೊನೆಭಾಗದ ರೈತರು ವರ್ಷ ವರ್ಷವೂ ಒಣ ಉಪಕಾಲುವೆಯ ದಂಡೆಯಲ್ಲಿ ಧರಣಿ ಕೂಡುತ್ತಾರೆ. ಅವರ ಸಂಕಟ ನ್ಯಾಯವಾದುದು. ಆದರೆ ಅದಕ್ಕೆ ಉತ್ತರ ಹೇಳಬೇಕಾದವರು ಕಾಲುವೆಯನ್ನು ಅಳೆದು ಕಡೆದವರಲ್ಲ, ಅದರ ತೂಬುಗಳನ್ನು ಇಂದು ಎತ್ತಿ ಇಳಿಸುವವರು.