ಮೂಸಿ ನೋಡುವ ವಿದ್ಯೆ

ಗುಬ್ಬಿ–ತಿಪಟೂರು ರಸ್ತೆಯ ನಿಟ್ಟೂರಿನಂಥ ಊರಲ್ಲಿ ಬೈಕ್ ಮೆಕ್ಯಾನಿಕ್ಕಿನ ಮೊದಲ ಉಪಕರಣ ಮೂಗು. ರಿಪೇರಿಯಾಗಿ ಹೊರಟ ಗಾಡಿ ಗುಬ್ಬಿ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ ಬಂತೆಂದು ವಾಪಸಾದರೆ, ಪಳಗಿದವರು ತಟ್ಟನೆ ಎಂಜಿನ್ ಬಿಚ್ಚುವುದಿಲ್ಲ, ಬಗ್ಗಿ ಮೂಸುತ್ತಾರೆ. "ಎಂಥಾ ವಾಸ್ನೆ ಅಣ್ಣಾ, ಎಣ್ಣೇದಾ, ರಬ್ಬರ್‌ದಾ?"

ಎಣ್ಣೆಯದಾದರೆ ಅರ್ಧ ಸಮಾಧಾನ. ಆಯಿಲ್ ಬದಲಿಸುವಾಗ ಸೈಲೆನ್ಸರ್ ಪೈಪಿನ ಮೇಲೆ ಚೆಲ್ಲಿದ ನಾಲ್ಕು ಹನಿ ಕಾದು, ಹೊಗೆಯಾಡಿ, ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ಹೆಡ್ ಕವರಿನ ಪ್ಯಾಕಿಂಗ್ ನೋಡಬೇಕು. ಮೂಗಿಗೆ ಚುಚ್ಚುವ ಘಾಟು ಕ್ಲಚ್ ಪ್ಲೇಟಿನದು: ಎಂಜಿನ್ ಕಿರುಚುತ್ತದೆ, ಗಾಡಿ ಎಳೆಯುವುದಿಲ್ಲ. ಕೇಬಲ್ ಬಿಗಿದು ಲಿವರಿಗೆ 10ರಿಂದ 20 ಮಿ.ಮೀ. ಸಡಿಲ ಬಿಡದಿದ್ದರೂ ಹೀಗಾಗುತ್ತದೆ; ಕಾರಿನ ಆಯಿಲ್ ಸುರಿದಿದ್ದರೂ ಆಗಬಹುದು, ಬಹುಪಾಲು ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದಲ್ಲ. ಹಿಂದಿನ ಡ್ರಮ್ ಮುಟ್ಟಲಾಗದಷ್ಟು ಕಾದಿದ್ದರೆ ತಪ್ಪು ಎಂಜಿನ್ನಿನದಲ್ಲ, ಬಿಗಿಯಾದ ಬ್ರೇಕಿನದು.

ಈ ವಿದ್ಯೆಗೆ ನಮ್ಮಲ್ಲಿ ಹಳೆಯ ಗರಡಿಯೇ ಇದೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳು ಪೆಟ್ರೋಲಿಗೆ ಆಯಿಲ್ ಬೆರೆಸಿಕೊಂಡು ಓಡುತ್ತಿದ್ದವು; ಅವುಗಳಲ್ಲಿ ಸುಟ್ಟೆಣ್ಣೆಯ ವಾಸನೆ ಆರೋಗ್ಯದ ಲಕ್ಷಣ. ಅದರ ನಡುವೆಯೇ ರೋಗದ ವಾಸನೆ ಹೆಕ್ಕಿದವರ ಕೈಕೆಳಗೆ ಕಲಿತವರಿಗೆ ಇಂದಿನ ಫೋರ್ ಸ್ಟ್ರೋಕ್ ಸಲೀಸು.

ದೋಷ ಹುಡುಕುವ ಸ್ಕ್ಯಾನರಿಗೆ ಮೂಗಿಲ್ಲ. ವಾಸನೆ ಬಂದರೆ ಗಾಡಿ ನಿಲ್ಲಿಸಿ, ಎಲ್ಲಿಂದ, ಎಷ್ಟು ದೂರ ಓಡಿದ ಮೇಲೆ ಬಂತೆಂದು ಗಮನಿಸಿ ಮೆಕ್ಯಾನಿಕ್ಕಿಗೆ ಹೇಳಿ.