ಎಂಜಲು ಹೇಳದ ಮಾತು

ಡ್ಯಾನಿ ಶಪೀರೊ ಅವರ ಆತ್ಮಕಥನ ‘ಇನ್‌ಹೆರಿಟೆನ್ಸ್’ (2019) ಓದುವಾಗ ಭೈರಪ್ಪನವರ ‘ವಂಶವೃಕ್ಷ’ (1965) ನನ್ನನ್ನು ಬಿಡಲಿಲ್ಲ. ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟಿನ ಜೊತೆಗೇ ಅದರ ಹಿಂದಿನ ಆಸ್ತಿಯ ಜಗಳವೂ ತಿಳಿಯುತ್ತದೆ. ಎಂಜಲು ಕಳಿಸಿ ಮಾಡಿಸಿದ ಡಿಎನ್‌ಎ ಪರೀಕ್ಷೆ ಶಪೀರೊಗೆ ಹೇಳುವುದು ಇಷ್ಟೇ: ಸಾಕಿದ ಅಪ್ಪ ಹುಟ್ಟಿಸಿದ ಅಪ್ಪನಲ್ಲ. ಕೇಳೋಣವೆಂದರೆ ತಂದೆ ತಾಯಿ ಇಬ್ಬರೂ ಇಲ್ಲ.

ವೀರ್ಯದಾನಿಯ ಮುಖದಲ್ಲಿ ತನ್ನ ಹೋಲಿಕೆ ಹುಡುಕುವ ಪುಟಗಳು ನನಗೆ ಸಪ್ಪೆ ಎನಿಸಿದವು. ಕಾಡಿದ್ದು ಬೇರೆ: ಅಂದಿನ ವೈದ್ಯರು ಕೆಲವೊಮ್ಮೆ ದಾನಿಯ ವೀರ್ಯಕ್ಕೆ ಗಂಡನದನ್ನೂ ಬೆರೆಸುತ್ತಿದ್ದರು, ‘ನಮ್ಮದೇ ಮಗು ಇರಬಹುದು’ ಎಂಬ ನಂಬಿಕೆಗೆ ಎಡೆಯಿರಲೆಂದು. ಆ ‘ಇರಬಹುದು’ವಿನ ಆಸರೆಯಲ್ಲೇ ಒಬ್ಬ ಮನುಷ್ಯ ಅಪ್ಪನಾಗಿ ಬಾಳಿರಬಹುದು. ಪರೀಕ್ಷೆ ಅದನ್ನು ಅಳಿಸುತ್ತದೆ. ಅವನಿಗೆ ಎಷ್ಟು ಗೊತ್ತಿತ್ತೆಂದು ಹೇಳುವುದಿಲ್ಲ. ಆ ಪ್ರಶ್ನೆಯನ್ನು ಕೈಬಿಡದಿರುವುದರಲ್ಲೇ ಈ ಕೃತಿಯ ತೂಕವಿದೆ.